ನಾಯಕರ ಜಾಗಕ್ಕೆ ಬಂದ ಹೊಸಬ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಉಡುಪಿಯ ಒಂದು ಸಣ್ಣ ಹಾಕಿ ತಂಡದಲ್ಲಿ ಆಡುತ್ತಿದ್ದೆ. ಮಳೆಗಾಲದಲ್ಲಿ ಮೈದಾನ ಕೆಸರಾಗಿ ಆಟ ನಿಂತುಹೋಗುತ್ತಿತ್ತು. ಅಂಥ ಒಂದು ಬಿಡುವಿನಲ್ಲಿ ಅಲೆವೂರಿನವರಾದ ನಮ್ಮ ನಾಯಕರು ಕಾರ್ಕಳಕ್ಕೆ ಹೋಗಿ, ಒಬ್ಬ ಹೊಸ ಆಟಗಾರನನ್ನು ನಮ್ಮ ತಂಡಕ್ಕೆ ಆಡಲು ಒಪ್ಪಿಸಿ ಬಂದರು. ಅವನು ಕೊಡಗಿನವನು, ಕಾರ್ಕಳದ ಬ್ಯಾಂಕಿಗೆ ವರ್ಗವಾಗಿ ಬಂದಿದ್ದ. ಆಡುವುದು ಸೆಂಟರ್ ಫಾರ್ವರ್ಡ್, ಅಂದರೆ ಮುಂದೆ ನಡುವೆ ನಿಂತು ಗೋಲು ಹೊಡೆಯುವ, ನಮ್ಮ ನಾಯಕರದ್ದೇ ಜಾಗ.

"ಹಾಗಾದರೆ ನೀವು ಎಂತ ಮಾಡುವುದು?" ಎಂದು ನಾನು ಕೇಳಿದೆ.

"ನಾನು ಹಿಂದೆ ಬ್ಯಾಕ್ ಆಡ್ತೇನೆ. ಈ ಮೊಣಕಾಲಿನಲ್ಲಿ ಇನ್ನು ಓಡ್ಲಿಕ್ಕೆ ಆಗುವುದಿಲ್ಲ ಮಾರಾಯ," ಎಂದು ನಕ್ಕರು.

ಮಳೆ ಬಿಟ್ಟ ಮೇಲೆ ಮಣಿಪಾಲದಲ್ಲಿ ಮೊದಲ ಪಂದ್ಯ. ನಾಯಕರ ಮೇಲಿನ ಪ್ರೀತಿ ನಮ್ಮಲ್ಲಿ ಹೊಸಬನ ಮೇಲಿನ ಮುನಿಸಾಗಿತ್ತು. ಯಾರೂ ಅವನಿಗೆ ಚೆಂಡು ಕೊಡಲಿಲ್ಲ. ಅವನು ಸುಮ್ಮನೆ ಓಡಿ ಓಡಿ ದಣಿದ, ವಿರಾಮದಲ್ಲಿ ಒಬ್ಬನೇ ದೂರ ಕುಳಿತ. ನಾಯಕರು ನಮ್ಮನ್ನು ಬಿಟ್ಟು ಅವನ ಪಕ್ಕ ಹೋಗಿ ಕುಳಿತು, ತಮ್ಮ ಪಾಲಿನ ಕಿತ್ತಳೆಯನ್ನು ಅವನಿಗೆ ಕೊಟ್ಟರು.

"ನೀನು ಓಡ್ತಾ ಇರು. ಚೆಂಡು ಬರ್ತದೆ."

ಆಟ ಮತ್ತೆ ಶುರುವಾದಾಗ ಅವರೇ ಹಿಂದಿನಿಂದ, ನಮ್ಮನ್ನೆಲ್ಲ ದಾಟಿಸಿ, ಚೆಂಡನ್ನು ನೇರ ಅವನ ಸ್ಟಿಕ್ಕಿಗೆ ಹೊಡೆದರು. ಸ್ವಲ್ಪ ಹೊತ್ತಿನಲ್ಲೇ ಗೋಲಾಯಿತು. ಆಮೇಲೆ ನಾವೂ ಕೊಡತೊಡಗಿದೆವು. ಆ ವರ್ಷ ನಮಗೆ ಕಪ್ ಸಿಗಲಿಲ್ಲ, ಆದರೆ ಹಿಂದೆಂದೂ ನಮಗೆ ಮಣಿಯದಿದ್ದ ತಂಡಗಳನ್ನು ಸೋಲಿಸಿದೆವು. ಆ ಮೊದಲ ಪಂದ್ಯದ ಸಂಜೆ ಅವನನ್ನು ಕಾರ್ಕಳದ ಬಸ್ಸಿಗೆ ಹತ್ತಿಸಲು ತಂಡದವರೆಲ್ಲ ಹೋಗಿ ನಿಂತಿದ್ದೆವು.