ಉಜ್ಜಿ ಸವೆಸಿದ ಕೆಂಪು ಗಿಟಾರು

ನನ್ನ ಫೋನಿನಲ್ಲಿ ಹೆಂಡತಿಯ ಫೋಟೋಗಳಿಗಿಂತ ಪರದೇಶದ ಒಬ್ಬ ಮುದುಕನ ಗಿಟಾರುಗಳ ಫೋಟೋಗಳೇ ಹೆಚ್ಚು. ಹೇಳಿಕೊಳ್ಳಲು ನಾಚಿಕೆ. ಆದರೆ ಇಲ್ಲಿಂದ ಶುರುಮಾಡದಿದ್ದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ. ನಾನು ಶಿಕಾರಿಪುರದಲ್ಲಿ ಲೈನ್‌ಮನ್. ಬೆಳಗಿನಿಂದ ಕಂಬ ಹತ್ತಿ ಇಳಿದು, ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ನೆರಳಿಗೆ ಕೂತರೆ, ಜೊತೆಯವರು ಕ್ರಿಕೆಟ್ಟು ನೋಡುತ್ತಾರೆ, ನಾನು ಗಿಟಾರು ನೋಡುತ್ತೇನೆ.

ಆ ಮುದುಕ ರಾಕ್ ಸಂಗೀತದಲ್ಲಿ ದೊಡ್ಡ ಹೆಸರು ಮಾಡಿದವನು. ಹರೆಯದಲ್ಲಿ ಕೊಂಡ ಎಲೆಕ್ಟ್ರಿಕ್ ಗಿಟಾರುಗಳನ್ನೇ ಇವತ್ತಿಗೂ ಬಾರಿಸುತ್ತಾನೆ. ಒಂದರ ತಲೆಯಲ್ಲಿ ಸಿಗರೇಟು ಸುಟ್ಟ ಕಲೆ. ಬಾರಿಸುವಾಗ ಉರಿಯುವ ಸಿಗರೇಟನ್ನು ತಂತಿಗೆ ಸಿಕ್ಕಿಸುತ್ತಿದ್ದನಂತೆ. ಇನ್ನೊಂದರ ಬೆನ್ನು ಪೂರಾ ಬೆಲ್ಟಿನ ಬಕಲ್ಲು ಗೀರಿದ ಗಾಯ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಕೆಂಪು ಗಿಟಾರು. ಅವನ ಮೊಳಕೈ ಊರುವ ಜಾಗದಲ್ಲಿ ಬಣ್ಣವೆಲ್ಲ ಸವೆದು, ಒಳಗಿನ ಮರ ಅಂಗೈಯಗಲ ಕಾಣುತ್ತದೆ. ಒಂದು ವಿಡಿಯೋದಲ್ಲಿ ಬಿಳಿ ಕೈಗವಸು ಹಾಕಿದ ಮನುಷ್ಯನೊಬ್ಬ ಅದನ್ನು ಗಾಜಿನ ಪೆಟ್ಟಿಗೆಯಿಂದ ಎತ್ತುತ್ತಾನೆ, ಹೆರಿಗೆ ಮನೆಯಲ್ಲಿ ಕೂಸನ್ನು ಎತ್ತಿದ ಹಾಗೆ. ಎತ್ತಿ, ಮೊದಲು ಆ ಸವೆದ ಜಾಗವನ್ನೇ ತೋರಿಸುತ್ತಾನೆ. ಅಲ್ಲಿಗೆ ಬಂದಾಗಲೆಲ್ಲ ನನ್ನ ಕೈಯ ತುತ್ತು ಕೈಯಲ್ಲೇ ಉಳಿಯುತ್ತಿತ್ತು.

ನಾನೂ ಹುಡುಗನಾಗಿದ್ದಾಗ ಗಣಪತಿ ಹಬ್ಬದ ರಸಮಂಜರಿಗಳಲ್ಲಿ ಎರವಲು ಗಿಟಾರು ಹಿಡಿದು ಮೂಲೆಯಲ್ಲಿ ನಿಂತವನೇ. ನೌಕರಿ ಸಿಕ್ಕಿತು, ಮದುವೆಯಾಯಿತು, ಗಿಟಾರು ಫೋನಿನೊಳಗೆ ಹೋಯಿತು. ಅದನ್ನು ಹೊರಗೆ ತಂದವಳು ನನ್ನ ಹೆಂಡತಿ. ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಮದುವೆ ಸೀಸನ್ನು ಬಂತೆಂದರೆ ನಮ್ಮನೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಾಗೆ ಹೊಲಿದು ಕೂಡಿಟ್ಟ ದುಡ್ಡಿನಲ್ಲಿ, ನನಗೆ ಒಂದು ಮಾತೂ ಹೇಳದೆ, ಶಿವಮೊಗ್ಗಕ್ಕೆ ಹೋಗಿ ಹೊಚ್ಚಹೊಸ ಎಲೆಕ್ಟ್ರಿಕ್ ಗಿಟಾರೂ ಅದರ ಪುಟ್ಟ ಆಂಪ್ಲಿಫಯರೂ ತಂದಿದ್ದಳು. ಕೆಂಪು ಬಣ್ಣ. ನನ್ನ ಫೋನನ್ನು ಅವಳು ಯಾವಾಗ ನೋಡಿದ್ದಳೋ!

"ಬರೀ ನೋಡ್ತಾ ಕೂತ್ರೆ ಆತಾ? ಬಾರ್ಸ್ರಿ," ಅಂದಳು. ಪ್ಲಾಸ್ಟಿಕ್ ಬಿಚ್ಚಿ, ಅರಿಸಿನ ಕುಂಕುಮ ಹಚ್ಚಿ, ನನ್ನ ಕೈಗೆ ಕೊಟ್ಟಳು. ಆ ಸಂಜೆಯೇ ತವರಿಗೆ ಫೋನು ಮಾಡಿ, "ಅವ್ರಿಗೆ ಹೊಸಾ ಗಿಟಾರ್ ಕೊಡಿಸ್ದೆ ಕಣಮ್ಮಾ, ಮುಖ ಕಾಣ್ತದೆ ಅದ್ರಲ್ಲಿ, ಹಂಗೆ ಮಿಂಚ್ತದೆ," ಅನ್ನುವುದನ್ನು ನಾನೇ ಕೇಳಿಸಿಕೊಂಡೆ. ಅವಳ ತವರು ಸೊರಬದ ಹತ್ತಿರದ ಹೊಸಬಾಳೆ. ಅಲ್ಲಿ ಅವಳ ಅಮ್ಮ ಇದ್ದಾರೆ, ತಮ್ಮ ಇದ್ದಾನೆ. ಒಬ್ಬರಿಗೆ ಹೇಳಿದರೆ ಊರಿಗೇ ಹೇಳಿದ ಹಾಗೆ.

ಆರು ತಿಂಗಳು ಬಾರಿಸಿದೆ. ಬೆರಳಿಗೆ ಬೊಕ್ಕೆ ಬಂದವು, ಹಳೆಯ ಹಾಡುಗಳು ಒಂದೊಂದಾಗಿ ವಾಪಸ್ಸು ಬಂದವು. ಆದರೆ ಗಿಟಾರು ಮಾತ್ರ ಇದ್ದ ಹಾಗೇ ಮಿಂಚುತ್ತಿತ್ತು. ಅದನ್ನು ಹಿಡಿದು ಕನ್ನಡಿ ಮುಂದೆ ನಿಂತರೆ ಅಂಗಡಿಯವನು ಮಾಲು ತೋರಿಸುತ್ತಿರುವಂತೆ ಕಾಣುತ್ತಿದ್ದೆ. ಒಂದು ಭಾನುವಾರ ಅವಳು ಯಾರದೋ ಮನೆಯ ಸೀಮಂತಕ್ಕೆ ಹೋಗಿದ್ದಳು. ನಾನು ಸ್ಯಾಂಡ್‌ಪೇಪರ್ ತೆಗೆದುಕೊಂಡೆ, ಫೋನನ್ನು ಗೋಡೆಗೆ ಒರಗಿಸಿ ಆ ಮುದುಕನ ಕೆಂಪು ಗಿಟಾರನ್ನು ಎದುರಿಗಿಟ್ಟುಕೊಂಡೆ, ಉಜ್ಜಿದೆ. ಮೊಳಕೈ ಊರುವ ಜಾಗ, ಅಂಚು, ಬೆನ್ನು. ಕೆಂಪು ಪುಡಿ ಲುಂಗಿಯ ಮೇಲೆಲ್ಲ ಉದುರಿತು. ಬೆನ್ನಿಗೆ ಬೀಗದ ಕೈಯಿಂದ ಗೀರು ಹಾಕಿದೆ. ಥೂ, ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಆವತ್ತು ಮಾತ್ರ ಹಾಡು ಗುನುಗುತ್ತಾ ಮಾಡಿದೆ.

ಅವಳು ಬಂದವಳು ನೋಡಿ, "ಅಯ್ಯೋ, ಬಿತ್ತಾ?" ಅಂದಳು.

"ಬೀಳ್ಲಿಲ್ಲ. ನಾನೇ ಮಾಡಿದ್ದು," ಎಂದು ಫೋನು ತೋರಿಸಿದೆ. ಹಳೆಯದಾದಷ್ಟೂ ಬೆಲೆ, ಸವೆದಷ್ಟೂ ಮರ್ಯಾದೆ, ನೋಡಿದವರು ಇವನು ವರ್ಷಗಟ್ಟಲೆ ಬಾರಿಸಿದ್ದಾನೆ ಅಂದುಕೊಳ್ಳುತ್ತಾರೆ, ಎಂದೆಲ್ಲ ಕೊರೆದೆ. ಅವಳು ಫೋನನ್ನೂ ನೋಡಿದಳು, ಗಿಟಾರನ್ನೂ ನೋಡಿದಳು.

"ಅವ್ರು ಬಾರ್ಸಿ ಬಾರ್ಸಿ ಸವೆಸಿದ್ದು. ನೀವು, ನಾನು ಮನೇಲಿ ಇಲ್ದಾಗ ಕೂತು ಉಜ್ಜಿದ್ದು," ಅಂದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲಿನ ಕೆಂಪು ಪುಡಿ ಗುಡಿಸಿದಳು. ಹೆಂಗಸರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು ಅಂದುಕೊಂಡೆ.

ಈ ವರ್ಷ ಯುಗಾದಿ ಕಳೆದ ಮೇಲೆ ನನ್ನ ಭಾಮೈದನ ಹೊಸ ಮನೆಯ ಗೃಹಪ್ರವೇಶ. ಅವನೇ ಫೋನು ಮಾಡಿ, "ಭಾವ, ಗಿಟಾರ್ ತಗಂಡೇ ಬರ್ಬೇಕು. ಅಕ್ಕ ಕೊಡ್ಸಿದ್ದು ನಾವೂ ನೋಡ್ಬೇಕು, ಕೇಳ್ಬೇಕು," ಅಂದ. ನಾನು ಉಬ್ಬಿಹೋದೆ. ಮಂದಿಯ ಎದುರು ಬಾರಿಸಿ ಎಷ್ಟು ಕಾಲವಾಗಿತ್ತು! ಎರಡು ಹಾಡು ತಯಾರಿ ಮಾಡಿಕೊಂಡೆ.

ಅವಳು ಮಾತ್ರ, "ಬ್ಯಾಡ ಕಣ್ರೀ, ಅದನ್ನ ತರ್ಬ್ಯಾಡಿ," ಅಂದಳು.

"ಯಾಕೆ, ನಾ ಬಾರ್ಸಿದ್ರೆ ನಿಂಗೆ ಅವಮಾನನಾ?"

"ನಿಮಗೆ ಎಷ್ಟ್ ಹೇಳಿದ್ರೂ ಅಷ್ಟೇ," ಎಂದು ಸೂಜಿಗೆ ದಾರ ಪೋಣಿಸತೊಡಗಿದಳು. ಅವಳಿಗೆ ನನ್ನ ಬಾರಿಸುವಿಕೆಯೇ ನಾಚಿಕೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಆ ಸಿಟ್ಟಿನಲ್ಲೇ ಗಿಟಾರು ಹೊತ್ತು ಹೊರಟೆ. ಬಸ್ಸಿನಲ್ಲಿ ಸೊರಬ ಮುಟ್ಟುವ ತನಕ ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ.

ಪೂಜೆ, ಊಟ ಎಲ್ಲ ಸುಸೂತ್ರವಾಗಿ ಆಯಿತು. ಬಿಸಿಲೆಂದರೆ ಬಿಸಿಲು, ಹೊಸ ಫ್ಯಾನುಗಳು ಗರಗರ ತಿರುಗುತ್ತಿದ್ದವು. ಉಂಡ ನೆಂಟರು ನಡುಮನೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತರು. ಹೆಂಡತಿ ಹಿತ್ತಲ ಕಡೆಯ ಅಡುಗೆಮನೆಯಲ್ಲಿ, ಹೊರಡುವವರಿಗೆ ಕಟ್ಟಿಕೊಡಲು ಇನ್ನೊಂದು ಸುತ್ತು ಹೋಳಿಗೆ ತಟ್ಟುತ್ತಿದ್ದಳು. ಭಾಮೈದ ನನ್ನನ್ನು ಕುರ್ಚಿಯ ಮೇಲೆ ಕೂರಿಸಿದ. ನಾನು ಆಂಪ್ಲಿಫಯರನ್ನು ಪ್ಲಗ್ಗಿಗೆ ಸಿಕ್ಕಿಸಿ, ಗಿಟಾರಿನ ಚೀಲದ ಜಿಪ್ಪು ಎಳೆದೆ.

ಅತ್ತೆ ಕನ್ನಡಕ ಹಾಕಿಕೊಂಡು ಮುಂದಕ್ಕೆ ಬಂದರು. ನೋಡಿದರು. "ಇದೇನಾ ನಮ್ಮುಡುಗಿ ಕೊಡ್ಸಿದ್ದು? ಹೊಸದು, ಮುಖ ಕಾಣ್ತದೆ ಅಂದಿದ್ಲಲ್ಲ?"

ಅತ್ತೆಯ ತಂಗಿ ಪಕ್ಕದಲ್ಲೇ ಇದ್ದರು. ಅವರದು ಚುರುಕು ಬಾಯಿ. "ಎಂತ ಹೊಸದು ಅಕ್ಕ? ಯಾವ್ದೋ ಸೆಕೆಂಡ್‌ಹ್ಯಾಂಡ್ ಮಾಲು ತಗಲಾಕ್ಯಾರೆ. ಇವ್ಳು ಊರ್ ತುಂಬ ಹೊಸದು ಹೊಸದು ಅಂತ ಕೊಚ್ಕಂಡಿದ್ದೇ ಬಂತು. ಹೊಸ ಮನೆಗೆ ಬಣ್ಣ ಹೋದ ಸಾಮಾನು ತರ್ತಾರಾ ಯಾರಾದ್ರೂ?"

ನಡುಮನೆ ತುಂಬ ನಗೆ. ದೇವರಾಣೆ, ನಾನೂ ನಕ್ಕೆ. ನಕ್ಕು, "ಇದು ಫ್ಯಾಷನ್ನು ಚಿಕ್ಕತ್ತೆ, ನಿಮಗೆ ಗೊತ್ತಾಗಲ್ಲ," ಅಂದೆ. ತಲೆಯೆತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ನಾನು ನಗುತ್ತಿರುವುದನ್ನೇ ನೋಡುತ್ತಿದ್ದಳು. ಮರುಕ್ಷಣ ಬಾಗಿಲು ಖಾಲಿ. ನಾನು ತಂತಿ ಬಿಗಿಮಾಡಿಕೊಂಡು, ಆಂಪ್ಲಿಫಯರಿನ ದನಿ ಏರಿಸಿ, ಕೈ ಎತ್ತಿದೆ.

ಕರೆಂಟು ಹೋಯಿತು.

ಎಲೆಕ್ಟ್ರಿಕ್ ಗಿಟಾರಿನ ಹಣೆಬರಹವೇ ಅಷ್ಟು, ಕರೆಂಟಿಲ್ಲದಿದ್ದರೆ ಸೊಳ್ಳೆಯ ದನಿ. ಎಲ್ಲರೂ ನನ್ನ ಕಡೆ ತಿರುಗಿದರು. "ಕರೆಂಟಿನೋರೇ ಮನೇಲಿ ಕೂತಾರೆ, ಕರೆಂಟೇ ಇಲ್ಲ!" ಎಂದು ಯಾರೋ ಅಂದು ಮತ್ತೆ ನಗಿಸಿದರು. ನಾನು ಎದ್ದು ಹಿತ್ತಲ ಗೋಡೆಯ ಮೀಟರ್ ಬೋರ್ಡಿನ ಹತ್ತಿರ ಹೋದೆ. ಆಚೆ ಮನೆಯಲ್ಲಿ ಟಿವಿ ಜೋರಾಗಿ ಓಡುತ್ತಿತ್ತು. ಬೋರ್ಡಿನ ಮುಚ್ಚಳ ತೆಗೆದೆ. ಮೇನ್ ಸ್ವಿಚ್ಚು ಕೆಳಗಿತ್ತು. ಅದರ ಬಿಳಿ ಹಿಡಿಯ ಮೇಲೆ, ಹೋಳಿಗೆಗೆ ಅರಿಸಿನ ಹಾಕಿ ಕಲಸಿದ ಕಣಕ, ಎಣ್ಣೆಯ ಸಮೇತ, ಒಂದು ಬೆರಳಿನಷ್ಟು ಅಂಟಿಕೊಂಡಿತ್ತು.

ಹೋಳಿಗೆ ತಟ್ಟುತ್ತಿದ್ದವಳು ನನ್ನ ಹೆಂಡತಿ. ಅವಳಿಗೆ ನಾಚಿಕೆಯಾದದ್ದು ನನ್ನ ಬಾರಿಸುವಿಕೆಯ ಬಗ್ಗೆ ಅಲ್ಲ. ಬಾರಿಸ್ರಿ ಎಂದವಳೇ ಅವಳು. ಅವಳು ಅಷ್ಟು ಹೆಮ್ಮೆಯಿಂದ ಹೇಳಿದ ಒಂದು ನಿಜವನ್ನು ನಾನು ಸ್ಯಾಂಡ್‌ಪೇಪರ್ ಹಿಡಿದು ಸುಳ್ಳು ಮಾಡಿದ್ದೆ. ಅದೂ ಅವಳ ತವರಿನಲ್ಲಿ. ಅವಳ ಮಾತು ಬಿದ್ದುಹೋಗುವಾಗ ಕೂತು ಹಲ್ಲು ಕಿಸಿದಿದ್ದೆ. ನನ್ನಂಥ ಗಂಡನಿಗೆ ಬರೀ ಮೇನ್ ಸ್ವಿಚ್ಚು ಇಳಿಸಿದಳಲ್ಲ, ಅವಳು ದೊಡ್ಡವಳು.

ಹಿಂದಿನಿಂದ ಭಾಮೈದ ಬಂದ. "ಏನಾತು ಭಾವ?"

ನಾನು ಹೆಗಲ ಟವೆಲಿನಿಂದ ಕಣಕ ಒರೆಸಿ, ಮುಚ್ಚಳ ಹಾಕಿದೆ. "ಫೇಸ್ ಹೋಗಿದೆ."

"ಆಚೆ ಮನೇಲಿ ಟಿವಿ ಓಡ್ತಿದ್ಯಲ್ಲ?"

"ಅವ್ರದ್ದು ಬೇರೆ ಫೇಸು." ಇಷ್ಟು ವರ್ಷದ ನೌಕರಿಯಲ್ಲಿ ಸುಳ್ಳು ಹೇಳಲು ಇಷ್ಟಾದರೂ ಕಲಿತಿದ್ದೆ.

ಒಳಗೆ ಬಂದು ಕೂತೆ. ಸ್ವಿಚ್ಚು ಮೇಲೆತ್ತಲು ಒಂದು ಬೆರಳು ಸಾಕಿತ್ತು. ಆದರೆ ನಾನು ಎತ್ತಿದರೆ, ಯಾರು ಇಳಿಸಿದ್ದು ಎಂಬ ಪ್ರಶ್ನೆ ಬರುತ್ತದೆ. ಅವಳು ಎತ್ತಿದರೆ, ನಾನು ಮತ್ತೆ ಆ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಹೀಗೆ ಗಂಡ ಹೆಂಡಿರಿಬ್ಬರೂ ಸೇರಿ ಒಂದು ಮನೆ ಮಂದಿಯನ್ನು ಬೇಯಿಸುತ್ತಾ ಕೂತೆವು. ಅತ್ತೆ ಯಾರದೋ ಮದುವೆಯ ಲಗ್ನಪತ್ರಿಕೆಯಲ್ಲಿ ಗಾಳಿ ಹಾಕಿಕೊಂಡರು. "ನಿಮ್ಮಾಫೀಸಿಗೆ ಒಂದ್ ಫೋನಾದ್ರೂ ಹಚ್ಚಿ," ಅಂದರು ಚಿಕ್ಕತ್ತೆ. ನಾನು ಫೋನು ಕಿವಿಗಿಟ್ಟುಕೊಂಡು, ಆ ಕಡೆ ಯಾರೂ ಇಲ್ಲದೆಯೇ, "ಹೂಂ, ಸ್ವಲ್ಪ ಬೇಗ ನೋಡ್ರಪ್ಪ," ಅಂದೆ. ಹೆಂಡತಿ ಹೋಳಿಗೆಯ ತಟ್ಟೆ ತಂದು ಎಲ್ಲರ ಮುಂದೆ ಹಿಡಿದಳು. ನನ್ನ ಮುಂದೆಯೂ ಹಿಡಿದಳು. ತಟ್ಟೆ ಹಿಡಿದ ಬೆರಳುಗಳಲ್ಲಿ ಅರಿಸಿನ. ಅವಳು ನನ್ನ ಹೆಗಲ ಟವೆಲಿನ ಕಡೆ ನೋಡಿದಳು. ಅಲ್ಲಿ ಹಳದಿ ಕಲೆ ಇತ್ತು. ನನಗೆ ಗೊತ್ತಾಗಿದೆ ಎಂಬುದು ಅವಳಿಗೂ ಗೊತ್ತಾಯಿತು.

ಒಂದು ಹೋಳಿಗೆ ಎತ್ತಿಕೊಂಡೆ. ತಟ್ಟೆಗೇ ವಾಪಸ್ಸಿಟ್ಟು ಹೇಳಿಬಿಟ್ಟೆ. "ಅತ್ತೆ, ನಿಮ್ಮ ಮಗಳು ಹೊಸದೇ ತಂದಿದ್ದು. ಮುಖ ಕಾಣ್ತಿದ್ದಿದ್ದೂ ನಿಜ. ಅದನ್ನ ಹಿಂಗೆ ಮಾಡಿದ್ದು ನಾನು. ಸ್ಯಾಂಡ್‌ಪೇಪರ್ ತಗಂಡು ಉಜ್ಜಿದೆ."

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

"ಯಾಕಪ್ಪಾ ಹಂಗ್ ಮಾಡಿದ್ರಿ?" ಎಂದು ಅತ್ತೆ ಕೇಳಿದರು. ಬೈಗುಳ ಅಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು. ಮಗಳು ಕಣ್ಣು ಸವೆಸಿ ಹೊಲಿದ ಬ್ಲೌಸುಗಳು ಅವರಿಗೆ ಗೊತ್ತು. ಅವರ ಮುಂದೆ ನಾನು ಯಾವ ಮುದುಕನ, ಯಾವ ಗಾಜಿನ ಪೆಟ್ಟಿಗೆಯ ಕತೆ ಹೇಳಲಿ? "ಗೊತ್ತಿಲ್ಲ ಅತ್ತೆ," ಅಂದೆ. ತಲೆ ತಗ್ಗಿಸಿ ಗಿಟಾರನ್ನು ಚೀಲಕ್ಕೆ ತುಂಬಹೊರಟೆ. ಹೆಂಡತಿ ಯಾವಾಗ ಅಲ್ಲಿಂದ ಹೋದಳೋ ನೋಡಲಿಲ್ಲ.

ಫ್ಯಾನು ತಿರುಗಿತು. "ಬಂತು ಬಂತು!" ಎಂದು ಎಲ್ಲರೂ ಗದ್ದಲವೆಬ್ಬಿಸಿದರು. ಹಿತ್ತಲ ಬಾಗಿಲಿನಿಂದ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಚಿಕ್ಕತ್ತೆಯ ಪಕ್ಕದಲ್ಲೇ, ಎಲ್ಲರಿಗೂ ಕಾಣುವ ಹಾಗೆ, ಚಕ್ಕಳಮಕ್ಕಳ ಹಾಕಿ ಕೂತಳು.

"ಮತ್ಯಾಕೆ ಒಳಗಿಡ್ತೀರಿ? ಬಾರ್ಸ್ರಿ," ಅಂದಳು. "ಕರೆಂಟ್ ಇರೋ ತನಕ ಬಾರ್ಸ್ರಿ."

ನಾನು ಗಿಟಾರು ತೆಗೆದೆ. ಅವತ್ತು ಭಾಮೈದ ಉಡುಗೊರೆ ಕೊಟ್ಟ ತುಂಬುತೋಳಿನ ಅಂಗಿ ಹಾಕಿದ್ದೆ. ಸೆಕೆಗೆ ಮಡಚಿಕೊಂಡಿದ್ದ ತೋಳನ್ನು ಮಣಿಕಟ್ಟಿನವರೆಗೂ ಬಿಚ್ಚಿದೆ. ಉಜ್ಜಿದ ಜಾಗ ಯಾರಿಗೂ ಕಾಣದ ಹಾಗೆ ಮೊಳಕೈ ಊರಿ, ಬಾರಿಸಿದೆ. ಎಲ್ಲಿ ತಪ್ಪಿತೋ ಎಲ್ಲಿ ಸರಿಹೋಯಿತೋ ನನಗೆ ತಿಳಿಯದು. ಹಾಡು ಮುಗಿಯಿತು, ಅವಳೇ ಮೊದಲು ಚಪ್ಪಾಳೆ ತಟ್ಟಿದಳು. ಆಗಲೂ ಆ ಕೈಯನ್ನು ಅಲ್ಲಿಂದ ಎತ್ತಲು ನನಗೆ ಧೈರ್ಯ ಬರಲಿಲ್ಲ.