ತಾಟಿನ ಪಕ್ಕದ ಕೈ

ಹುಮ್ನಾಬಾದಿನ ಕಾನ್ವೆಂಟಿನಲ್ಲಿ ನಮಗೆ ಚಿತ್ರಕಲೆ ಕಲಿಸುತ್ತಿದ್ದ ಸಿಸ್ಟರ್, ಹಾಳೆಯ ತುಂಬ ಬಣ್ಣ ಬಳಿದರೆ ಬೇಸರಪಡುತ್ತಿದ್ದರು. ಕಣ್ಣಿಗೆ ಕೂರಲು ಒಂದಿಷ್ಟು ಖಾಲಿ ಜಾಗ ಬಿಡಬೇಕು ಅನ್ನುತ್ತಿದ್ದರು. ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದು ಎಷ್ಟೋ ವರ್ಷಗಳ ಮೇಲೆ, ಮೊಬೈಲ್ ಹಿಡಿದು ಹೋಳಿಗೆಯ ಫೋಟೋ ತೆಗೆಯಲು ಕೂತಾಗ ನನಗೆ ಮೊದಲು ನೆನಪಾದದ್ದು ಆ ಮಾತೇ.

ಫೋಟೋ ಕೇಳಿದ್ದು ನನ್ನ ಶಾಲೆಯ ಗೆಳತಿ. ಹುಮ್ನಾಬಾದಿನಲ್ಲಿ ಅವಳ ಬಸುರಿ ಮಗಳ ಕುಬುಸ, ಅಂದರೆ ಸೀಮಂತ, ಇತ್ತು. ಹೋಳಿಗೆ ನಮ್ಮ ಅತ್ತೆಯ ಕೈಯಿಂದಲೇ ಆಗಲಿ ಎಂದು ಅವಳ ಆಸೆ. ಬೀಗರು ಮಾತ್ರ ಮೊದಲು ಫೋಟೋ ನೋಡಬೇಕು ಅಂದಿದ್ದರು. ಅತ್ತೆ ಮತ್ತೆ ಹೋಳಿಗೆ ಮಾಡುವುದು ಅವಳಿಗಿಂತ ಹೆಚ್ಚು ನನಗೇ ಬೇಕಾಗಿತ್ತು. ಹಿಂದಿನ ಮಳೆಗಾಲ ಬಚ್ಚಲಲ್ಲಿ ಜಾರಿ ಅತ್ತೆಯ ಬಲ ಮಣಿಕಟ್ಟು ಮುರಿದಿತ್ತು. ಎಲುಬು ಕೂಡಿತು, ಆದರೆ ಡೊಂಕಾಗಿ. ಅಂದಿನಿಂದ ಅವರು ಒಲೆಯ ಮುಂದೆ ನಿಲ್ಲುವುದನ್ನೇ ಬಿಟ್ಟಿದ್ದರು. ನೆಂಟರು ಬಂದರೆ ಆ ಕೈ ಸೆರಗಿನೊಳಗೆ ಹೋಗುತ್ತಿತ್ತು. ಇಂಥ ಕೈಯಿಂದ ಮಾಡಿದ್ದನ್ನು ಯಾರು ತಿಂತಾರ ಎಂದು ಒಮ್ಮೆ ಕೇಳಿದ್ದರು. ಫೋಟೋದ ಮಟ್ಟಿಗೆ ನಾಲ್ಕು ಹೋಳಿಗೆ ಮಾಡಿಕೊಡಿ ಎಂದು ನಾನು ಬೆನ್ನು ಹತ್ತಿದ್ದಕ್ಕೆ ಅಷ್ಟಕ್ಕೆ ಮಾತ್ರ ಒಪ್ಪಿದ್ದರು.

ಬಿಳಿ ಪಿಂಗಾಣಿ ತಾಟಿನ ನಡುವೆ ಮಡಿಚಿದ ಒಂದೇ ಹೋಳಿಗೆ, ಪಕ್ಕದಲ್ಲಿ ಒಂದು ಪುದೀನ ಎಲೆ, ಸುತ್ತ ಎಲ್ಲಾ ಖಾಲಿ. ಟ್ಯೂಬ್‌ಲೈಟಿನ ಕೆಳಗೆ ಹೋಳಿಗೆ ಬೂದಿ ಬಣ್ಣಕ್ಕೆ ತಿರುಗಿತ್ತು, ಮೇಲೆ ನನ್ನ ತಲೆಯ ನೆರಳು ಬೇರೆ. ಆದರೂ ನನಗೆ ಹೆಮ್ಮೆ. ಅತ್ತೆ ಇಣುಕಿ ನೋಡಿದರು.

"ಯವ್ವಾ, ಇದನ್ನ ತಿನ್ನೋರು ಊಟಕ್ಕ ಬಂದಾರೋ, ಔಷಧಕ್ಕ ಬಂದಾರೋ?"

ಬೀಗರ ಮಾತೂ ಹೆಚ್ಚುಕಡಿಮೆ ಅದೇ ಆಗಿತ್ತು. ತುಪ್ಪ ಕಾಣುವುದಿಲ್ಲ, ಒಳಗೆ ಹೂರಣ ಇದೆಯೋ ಇಲ್ಲವೋ ತಿಳಿಯುವುದಿಲ್ಲ, ಬಡಿಸುವುದರಲ್ಲಿ ಆ ಮನೆಯವರದು ಕೈ ಬಿಗಿಯೇನೋ ಅಂದರಂತೆ. ಗೆಳತಿ ಫೋನಿನಲ್ಲಿ ಸಂಕೋಚದಿಂದ ಹೇಳಿದ್ದು ಅತ್ತೆಯ ಕಿವಿಗೂ ಬಿತ್ತು. ಅವರು ಹಂಚನ್ನು ಒರೆಸಿ, ಸ್ಟೂಲ್ ಹತ್ತಿ ಎಲ್ಲಕ್ಕಿಂತ ಮೇಲಿನ ಹಲಗೆಗೆ ಎತ್ತಿಟ್ಟುಬಿಟ್ಟರು.

ಮರುದಿನ ಬೆಳಿಗ್ಗೆ ಸ್ಟೂಲ್ ಹತ್ತಿ ನಾನೇ ಅದನ್ನು ಇಳಿಸಿದೆ. ಇನ್ನೊಂದೇ ಸಲ ಎಂದು ಅತ್ತೆಯನ್ನು ಕೇಳಿಕೊಂಡೆ. ಗೊಣಗುತ್ತಲೇ ಅವರು ಹೋಳಿಗೆ ಬೇಯಿಸಿದರು. ಹಿತ್ತಾಳೆ ತಾಟನ್ನು ಹುಣಸೆಹಣ್ಣಿನಿಂದ ತಿಕ್ಕಿ, ಪಡಸಾಲೆಯ ಬಾಗಿಲ ಬಳಿ ಫರಸಿ ಕಲ್ಲಿನ ನೆಲದ ಮೇಲೆ ಇಟ್ಟೆ. ಬಿಸಿಲು ನೇರ ಬೀಳದಂತೆ ಒಂದು ಕದ ಅರ್ಧ ಮುಚ್ಚಿದೆ. ಬೆಳಕು ಒಂದೇ ಮಗ್ಗುಲಿನಿಂದ ಮೆಲ್ಲಗೆ ಬಂತು. ತಾಟಿನ ಕೆಳಗೆ ಹಳೆಯ ಹಸಿರು ಖಣದ ಬಟ್ಟೆ, ಹಿಂದೆ ತುಪ್ಪದ ಬಟ್ಟಲು. ಎಲ್ಲಾ ಚೆಂದವೇ, ಆದರೆ ಅಂಗಡಿಯಲ್ಲಿ ಜೋಡಿಸಿಟ್ಟಂತೆ ಕಾಣುತ್ತಿತ್ತು.

ಇಡೀ ಹೋಳಿಗೆ ಇಟ್ಟರೆ ತುಪ್ಪ ಎಲ್ಲಿ ಹೋಗಬೇಕು ಎಂದು ಅತ್ತೆ ಕೇಳಿದರು. ಈ ಮನೆಯಲ್ಲಿ ಬಂದವರಿಗೆ ಇಡೀ ಹೋಳಿಗೆ ಬಡಿಸುವುದಿಲ್ಲ. ಬಡಿಸುವವರೇ ತಾಟಿನಲ್ಲಿ ಅದನ್ನು ಎರಡಾಗಿ ಹರಿದು, ತೆರೆದ ಹೂರಣಕ್ಕೆ ತುಪ್ಪ ಬಿಡಬೇಕು. ನಾನು ಸೊಸೆಯಾಗಿ ಬಂದ ದಿನ ನನಗೂ ಹಾಗೇ ಬಡಿಸಿದ್ದರು. ಫೋಟೋದ ಗಡಿಬಿಡಿಯಲ್ಲಿ ಅದನ್ನೇ ಮರೆತಿದ್ದೆ.

ಅವರು ಬಗ್ಗಿ ಹರಿದರು. ಹೂರಣದಿಂದ ಹಬೆ ಎದ್ದಿತು. ನಾನು ಮೊಬೈಲನ್ನು ತಾಟಿನ ಮಟ್ಟಕ್ಕೆ ಇಳಿಸುವಷ್ಟರಲ್ಲಿ ಕೈ ಸೆರಗಿನ ಕಡೆ ಹೊರಟಿತ್ತು.

"ಜರಾ ಹಂಗೇ ಇರ್ರಿ, ಅತ್ತಿ."

"ಡೊಂಕ ಕೈ ಬರ್ತದ, ಯವ್ವಾ."

"ಬರ್ಲಿ ಬಿಡ್ರಿ. ತುಪ್ಪ ತಾನಾಗೇ ಬೀಳ್ತದೇನ್ರಿ?"

ಅವರು ನಕ್ಕರು, ಕೈ ಅಲ್ಲೇ ಉಳಿಯಿತು. ಉಗುರಿನ ಸಂದಿಯಲ್ಲಿ ಹಿಟ್ಟು, ಮಣಿಕಟ್ಟಿನ ಡೊಂಕಿಗೆ ಬಂದು ನಿಂತ ಹಸಿರು ಬಳೆಗಳು. ಫೋಟೋ ತೆಗೆದು ತೋರಿಸಿ, ಕಳಿಸಲೇ ಎಂದು ಕೇಳಿದೆ. ಬಹಳ ಹೊತ್ತು ನೋಡಿ, ಹೂಂ ಅಂದರು.

ಸಂಜೆ ಗೆಳತಿಯ ಬೀಗಿತ್ತಿಯೇ ಫೋನ್ ಮಾಡಿದರು. ಸ್ಪೀಕರ್ ಹಾಕಿದೆ. ಆ ತಾಯಿ ಹೋಳಿಗೆಯ ಮಾತೇ ಎತ್ತಲಿಲ್ಲ. ಫೋಟೋದಲ್ಲಿರುವ ಕೈ ಯಾರದು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ನಂದೇ ಅದ ರೀ. ಬಿದ್ದಿದ್ದೆ" ಅಂದರು.

"ನಮ್ಮ ಅವ್ವಾನೂ ಹಿಂಗೇ ಹರದು ಬಡಸ್ತಿದ್ಳ್ರಿ. ಬರೇ ಮಾಡಿ ಕಳಸಬ್ಯಾಡ್ರಿ. ಬಡಸಾಕ ನೀವೇ ಬರ್ರಿ."

ಕುಬುಸದ ದಿನ ಅತ್ತೆ ಪಂಕ್ತಿಯ ತುಂಬ ಓಡಾಡಿ ಹೋಳಿಗೆ ಹರಿದರು. ಕೈ ಒಮ್ಮೆಯೂ ಸೆರಗಿಗೆ ಹೋಗಲಿಲ್ಲ. ಆ ಬೀಗಿತ್ತಿಯನ್ನು ನಾನು ಇಂದಿಗೂ ಮನಸ್ಸಿನಲ್ಲೇ ನೆನೆಯುತ್ತೇನೆ.

ಈಗಲೂ ಫೋಟೋ ತೆಗೆಯುವಾಗ ತಾಟನ್ನು ಬಾಗಿಲ ಬೆಳಕಿಗೇ ಒಯ್ಯುತ್ತೇನೆ. ಸಿಸ್ಟರ್ ಹೇಳಿದಂತೆ ಒಂದು ಬದಿ ಖಾಲಿ ಬಿಡುತ್ತೇನೆ. ಕರೆಯುವ ಮೊದಲೇ ಅತ್ತೆ ಆ ಬದಿಗೆ ಬಂದು ಕೂತಿರುತ್ತಾರೆ.