ಎಂಟು ಸೀಸೆಗಳ ತಿಳಿನೀರು

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ಈಗ ನೀವು ನಕ್ಕರೆ ನನಗೆ ಬೇಸರವಿಲ್ಲ.

ಆಗ ರಾಯಚೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ನೀರಿನಲ್ಲಿ ಕರಗುವ ಪಾಲಿಮರಿನ ಎಳೆಗಳು, ಅಂದರೆ ಅದರ ಉದ್ದುದ್ದ ಅಣುಗಳು, ಎಷ್ಟು ದಟ್ಟವಾದಾಗ ಗುಂಪುಗಟ್ಟುತ್ತವೆ ಎಂಬುದು ನನ್ನ ಪ್ರಶ್ನೆ. ಗುಂಪು ಕಣ್ಣಿಗೆ ಕಾಣದು. ಹೊಳೆಯುವ ಬಣ್ಣವನ್ನು ತುಸುವೇ ಬೆರೆಸಿ ಯಂತ್ರದ ಬೆಳಕು ಹಾಯಿಸಿದರೆ, ಎಳೆಗಳು ಕೂಡಿದಲ್ಲಿ ಹೊಳಪು ಬದಲಾಗುತ್ತದೆ. ಅದೊಂದೇ ಗುರುತು. ಆದರೆ ನನ್ನ ಯಂತ್ರ ದಿನಕ್ಕೊಂದು ಥರದ ಉತ್ತರ ಕೊಡುತ್ತಿತ್ತು. ಪ್ರಬಂಧ ಒಪ್ಪಿಸಲು ಒಂದು ತಿಂಗಳು ಉಳಿದಿದ್ದಾಗ, ಒಂದು ಮಧ್ಯಾಹ್ನ, ಅದರ ದೀಪವೇ ಸುಟ್ಟುಹೋಯಿತು. ಎಂಟು ಸೀಸೆಗಳನ್ನು ಮೇಜಿನ ಮೇಲೆ ಕುಕ್ಕಿ ಅತ್ತುಬಿಟ್ಟೆ.

ಗಾಜಿನ ಸಾಮಾನು ತೊಳೆಯುತ್ತಿದ್ದ ದೇವದುರ್ಗದ ಹನುಮವ್ವ ಕೈ ಒರೆಸಿಕೊಳ್ಳುತ್ತ ಬಂದಳು. "ಯಾಕ್ರೀ ಅಕ್ಕಾರ, ಅಳಾಕತ್ತೀರಿ?"

"ಇದರಾಗ ಯಾವ್ಯಾವು ಕೂಡ್ಯಾವ ಅಂತ ಗೊತ್ತಾಗವಲ್ದು," ಎಂದು ರೇಗಿದೆ.

ಎಂಟೂ ತಿಳಿನೀರಿನಂತಿದ್ದವು. ಯಾವುದರಲ್ಲಿ ಎಷ್ಟು ಪಾಲಿಮರ್ ಇದೆಯೆಂಬುದು ನನಗಷ್ಟೇ ಗೊತ್ತಿತ್ತು. ಎಲ್ಲಿಂದ ಕೂಡುತ್ತವೆಂಬುದು ನನಗೂ ಗೊತ್ತಿರಲಿಲ್ಲ. ಅವಳು ಒಂದೊಂದನ್ನೇ ಎತ್ತಿ ನೋಡಿ ಮೂರನ್ನು ಬದಿಗಿಟ್ಟಳು. "ಇವು ಕೂಡ್ಯಾವ್ರಿ. ಉಳಿದವು ಇನ್ನೂ ಬ್ಯಾರೆ ಬ್ಯಾರೆ ಅದಾವ."

ಸುಮ್ಮನೆ ಬರೆದಿಟ್ಟೆ. ನಾಲ್ಕು ದಿನಗಳ ನಂತರ ಹೊಸ ದೀಪ ಬಂತು. ಮೂರು ಸಲ ಅಳೆದೆ. ಮೂರು ಸಲವೂ ಅವೇ ಮೂರು ಸೀಸೆಗಳು.

ಆಮೇಲೆ ದಿನಾ ಬೇರೆ ದ್ರಾವಣ ಕಲಸಿ, ಸೀಸೆಗಳ ಗುರುತು ಮುಚ್ಚಿ, ಅವಳ ಮುಂದಿಡತೊಡಗಿದೆ. ಪ್ರತಿ ಸಲವೂ ಸರಿ. ನನ್ನ ಮಾರ್ಗದರ್ಶಕರು ನಂಬಲಿಲ್ಲ. "ನನ್ನೆದುರಿಗೆ ಹೇಳ್ಲಿ ನೋಡೋಣ," ಎಂದು ಬಂದು ಕೂತರು. ಹನುಮವ್ವ ಸೀಸೆ ಮುಟ್ಟಲೇ ಇಲ್ಲ. "ದಿನಾ ನನ್ನ ಪರೀಕ್ಷಿ ಮಾಡಾಕತ್ತೀರಿ. ನಾ ಏನ್ ಸುಳ್ಳ್ ಹೇಳೀನ್ರಿ?" ಎಂದು ನನ್ನನ್ನೇ ನೋಡಿದಳು. ಆ ತಿಂಗಳ ಕೊನೆಗೆ ಕೆಲಸ ಬಿಟ್ಟು ಊರಿಗೆ ಹೋದಳು.

ಪ್ರಬಂಧಕ್ಕೆ ಪದವಿ ಸಿಕ್ಕಿತು. ಅದರಲ್ಲಿ ಅವಳ ಹೆಸರಿಲ್ಲ. ಯಾವ ಅಧ್ಯಾಯದಲ್ಲಿ, ಏನೆಂದು ಬರೆಯಲಿ?

ಈಗ ಮಾನ್ವಿಯಲ್ಲಿ ಪಾಠ ಮಾಡುತ್ತಿದ್ದೇನೆ. ಹೋದ ವರ್ಷ ದೇವದುರ್ಗದ ಬಸ್ಸು ಹತ್ತಿ, ಕೇಳುತ್ತ ಕೇಳುತ್ತ ಅವಳ ಮನೆಗೆ ಹೋದೆ. ಸಿಟ್ಟಿರಲಿಲ್ಲ, ಚಹಾ ಕೊಟ್ಟಳು. ಎದ್ದು ಹೊರಡುವಾಗ ತಡೆಯಲಾರದೆ ಕೇಳಿದೆ: "ಆವತ್ತು ನಿನಗ ಹೆಂಗ ಗೊತ್ತಾತು ಹನುಮವ್ವಾ?"

ಅವಳು ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿದ್ದುದು ನಿಜವಾದ ಅಚ್ಚರಿ.

"ಹಂಗಾದ್ರ ಅಕ್ಕಾರ, ನಿಮಗ ಕಾಣ್ತಿದ್ದಿಲ್ಲೇನು?"